48ನೆಯ ವಯಸ್ಸಿನಲ್ಲಿ ಸ್ಪೇನಿಗೆ ಹೊರಟಿದ್ದೇನೆ: ಸ್ಪ್ಯಾನಿಷ್ ಕಲಿಕೆಯನ್ನು ಎಲ್ಲಿಂದ ಆರಂಭಿಸಲಿ?

ಪ್ರಶ್ನೆ: ಕಾವೇರಿತೀರ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ಪತಿಗೆ ಸ್ಪೇನಿನ ವಲೆನ್ಸಿಯಾದಲ್ಲಿ ಕೆಲಸ ಸಿಕ್ಕಿದೆ. ಮುಂದಿನ ಜೂನ್ ಕೊನೆಯ ವೇಳೆಗೆ ನಾವಿಬ್ಬರೂ ಅಲ್ಲಿಗೆ ಹೊರಡುತ್ತೇವೆ. ಮಗಳು ಎಂಜಿನಿಯರಿಂಗ್ ಮುಗಿಸುವವರೆಗೆ ಇಲ್ಲಿಯೇ ಹಾಸ್ಟೆಲಿನಲ್ಲಿರುತ್ತಾಳೆ. ನನಗೀಗ 48 ವರ್ಷ. ಮದುವೆಗೆ ಮೊದಲಿನಿಂದಲೂ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತ ಬಂದಿದ್ದೇನೆ. ಈ ಶೈಕ್ಷಣಿಕ ವರ್ಷ ಮುಗಿದೊಡನೆ ರಾಜೀನಾಮೆ ಕೊಡುವುದೆಂದು ತೀರ್ಮಾನವಾಗಿದೆ.

ಪತಿಯ ಕಚೇರಿಯ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತದೆಯಂತೆ. ಆದರೆ ಬೆಳಗಿನಿಂದ ಸಂಜೆಯವರೆಗೆ ಊರಿನೊಡನೆ ವ್ಯವಹರಿಸಬೇಕಾದವಳು ನಾನು. ತರಕಾರಿ ಅಂಗಡಿ, ಬ್ಯಾಂಕು, ನಲ್ಲಿ ರಿಪೇರಿಗೆ ಬರುವವರು, ಪಕ್ಕದ ಮನೆಯವರು, ಎಲ್ಲಕ್ಕಿಂತ ಹೆಚ್ಚಾಗಿ ವೈದ್ಯರು. ನನಗೆ ಥೈರಾಯ್ಡ್ ಇದೆ, ಈ ವಯಸ್ಸಿಗೆ ಸಹಜವಾದ ಬೇರೆ ತೊಂದರೆಗಳೂ ಶುರುವಾಗಿವೆ. ಅವನ್ನು ಹೇಳಿಕೊಳ್ಳುವುದಕ್ಕೆ ಪ್ರತಿ ಸಲವೂ ಪತಿಯಿಂದ ರಜೆ ಹಾಕಿಸಿ, ನನ್ನ ದೇಹದ ವಿಷಯವನ್ನು ಅವರು ಇಂಗ್ಲಿಷಿನಲ್ಲಿ ವೈದ್ಯರಿಗೆ ವಿವರಿಸುವಾಗ ಪಕ್ಕದಲ್ಲಿ ಸುಮ್ಮನೆ ಕುಳಿತಿರುವ ಸ್ಥಿತಿ ನನಗೆ ಬೇಡ. ಇಷ್ಟು ವರ್ಷ ತರಗತಿಯ ಮುಂದೆ ನಿಂತು ಮಾತನಾಡಿದವಳಿಗೆ ಮಾತೇ ಇಲ್ಲದಂತಾಗುವ ಭಯ ಬಹಳ ದೊಡ್ಡದು.

ಸ್ಪ್ಯಾನಿಷ್ ಕಲಿಯುವ ಮನಸ್ಸಿದೆ, ಹೊರಡುವುದಕ್ಕೆ ಸಮಯವೂ ಇದೆ. ಈ ವಯಸ್ಸಿನಲ್ಲಿ ಹೊಸ ಭಾಷೆ ನಾಲಿಗೆಗೆ ಹತ್ತುತ್ತದೆಯೇ? ಹೊರಡುವ ಮೊದಲೇ ಎಷ್ಟು ಕಲಿತಿರಬೇಕು, ಅಲ್ಲಿಗೆ ಹೋದ ಮೇಲೆ ಎಷ್ಟು ಸಾಧ್ಯ? ವಲೆನ್ಸಿಯಾದಲ್ಲಿ ಇನ್ನೊಂದು ಭಾಷೆಯೂ ಇದೆಯೆಂದು ಓದಿದೆ. ಹಾಗಿದ್ದರೆ ಯಾವುದನ್ನು ಕಲಿಯಬೇಕು? ನಾವು ಶುದ್ಧ ಸಸ್ಯಾಹಾರಿಗಳು, ಆ ಬಗ್ಗೆಯೂ ತಿಳಿದವರು ಹೇಳಿದರೆ ಉಪಕಾರ. ಸ್ವತಃ ನಡುವಯಸ್ಸಿನಲ್ಲಿ ಹೋಗಿ ನೆಲೆಸಿದವರ ಮಾತು ಕೇಳುವ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.


ಉತ್ತರ: ಕಿತ್ತಳೆತೋಟ, ವಲೆನ್ಸಿಯಾ

ಮೇಡಂ, ನಮಸ್ಕಾರ. ನಾನು ಹುಬ್ಬಳ್ಳಿಯವಳು, ನಿಮ್ಮ ಹಾಗೆಯೇ ಪತಿಯ ಕೆಲಸದ ಕಾರಣಕ್ಕೆ 45 ದಾಟಿದ ಮೇಲೆ ಇಲ್ಲಿಗೆ ಬಂದವಳು. ನಿಮ್ಮ ಪತ್ರದಲ್ಲಿ ವೈದ್ಯರ ಬಗ್ಗೆ ಬರೆದದ್ದನ್ನು ಓದಿ ಉತ್ತರಿಸದೆ ಇರಲಾಗಲಿಲ್ಲ, ಏಕೆಂದರೆ ಸ್ಪ್ಯಾನಿಷ್ ಏಕೆ ಬೇಕು ಎಂಬ ಪ್ರಶ್ನೆಗೆ ಅದಕ್ಕಿಂತ ಗಟ್ಟಿಯಾದ ಉತ್ತರ ಇನ್ನೊಂದಿಲ್ಲ.

ಇಂಗ್ಲಿಷಿನಲ್ಲಿ ಇಲ್ಲಿ ಎಷ್ಟು ದೂರ ಹೋಗಬಹುದು ಎಂಬುದನ್ನು ಮೊದಲು ಹೇಳುತ್ತೇನೆ. ಹಳೆಯ ಊರಿನ ಹೋಟೆಲುಗಳಲ್ಲಿ, ವಿಮಾನ ನಿಲ್ದಾಣದಲ್ಲಿ, ದೊಡ್ಡ ಕಂಪನಿಗಳಲ್ಲಿ ಇಂಗ್ಲಿಷ್ ನಡೆಯುತ್ತದೆ. ಆದರೆ ಬದುಕು ನಡೆಯುವುದು ಅಲ್ಲಲ್ಲ. ಬಂದ ಕೂಡಲೇ ನೀವು ಅಯುಂತಾಮಿಯೆಂತೊ, ಅಂದರೆ ನಗರಸಭೆಯಲ್ಲಿ, ಇಂಥ ವಿಳಾಸದಲ್ಲಿ ವಾಸವಾಗಿದ್ದೇವೆಂದು ಹೆಸರು ನೋಂದಾಯಿಸಬೇಕು. ಇದಕ್ಕೆ ಪಾದ್ರೊನ್ ಎನ್ನುತ್ತಾರೆ. ಅದರ ಪ್ರತಿ ಇಲ್ಲದೆ ಆರೋಗ್ಯ ಕೇಂದ್ರದಲ್ಲಿ ವೈದ್ಯರನ್ನು ಕಾಣಲು ಬೇಕಾದ ಸಿಪ್ ಕಾರ್ಡೂ ಸಿಗುವುದಿಲ್ಲ, ಮುಂದಿನ ಹೆಚ್ಚಿನ ಕೆಲಸಗಳೂ ಆಗುವುದಿಲ್ಲ. ದೇಶಕ್ಕೆ ಕಾಲಿಟ್ಟ ಒಂದು ತಿಂಗಳೊಳಗೆ ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಇವಕ್ಕೆಲ್ಲ ಮುಂಚಿತವಾಗಿ ಆನ್‌ಲೈನ್‌ನಲ್ಲಿ ಸಮಯ ಗೊತ್ತುಮಾಡಿಕೊಂಡು ಹೋಗಬೇಕು, ಮತ್ತು ಕೌಂಟರಿನ ಆಚೆ ಕುಳಿತವರು ಸ್ಪ್ಯಾನಿಷಿನಲ್ಲಿಯೇ ಮಾತನಾಡುತ್ತಾರೆಂದು ಮನಸ್ಸಿನಲ್ಲಿಟ್ಟುಕೊಂಡೇ ಹೊರಡಬೇಕು. ಅವರು ಒರಟರೆಂದು ಭಾವಿಸಬೇಡಿ. ನೀವು ತಡವರಿಸುತ್ತಲಾದರೂ ಅವರ ಭಾಷೆಯಲ್ಲಿ ಶುರುಮಾಡಿದರೆ ಮುಖದ ಭಾವವೇ ಬದಲಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಆದ್ದರಿಂದ ಹೊರಡುವ ಮೊದಲು ಒಂದಿಷ್ಟನ್ನು ಬಾಯಿಪಾಠವಾಗಿಸಿಕೊಳ್ಳಿ: ಸಂಖ್ಯೆಗಳು, ವಾರ ಮತ್ತು ತಿಂಗಳುಗಳು, ನಿಮ್ಮ ಹೆಸರಿನ ಒಂದೊಂದು ಅಕ್ಷರವನ್ನೂ ಸ್ಪ್ಯಾನಿಷ್ ಅಕ್ಷರಮಾಲೆಯಲ್ಲಿ ಬಿಡಿಸಿ ಹೇಳುವುದು, ವಿಳಾಸ, ಫೋನ್ ನಂಬರು. ಕಚೇರಿಗಳಲ್ಲಿ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳುವ ಸಂದರ್ಭ ಬಂದಷ್ಟು ಬೇರೆ ಯಾವುದೂ ಬರುವುದಿಲ್ಲ. ನಮ್ಮ ಹೆಸರುಗಳು ಅವರಿಗೆ ಹೊಸವು, ಮೇಲಾಗಿ ಅವರು ಪ್ರತಿಯೊಬ್ಬರಿಗೂ ಎರಡು ಕುಲನಾಮಗಳನ್ನು ನಿರೀಕ್ಷಿಸುತ್ತಾರೆ. ಇನಿಶಿಯಲ್ ಇರುವ ಮೈಸೂರು ಕಡೆಯ ಹೆಸರಾದರೆ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ಕಡೆಯೂ ಬರೆಸಿ.

ಮಾರುಕಟ್ಟೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ತರಕಾರಿ, ಕಾಳುಕಡ್ಡಿಯ ಅಂಗಡಿಗಳ ಮುಂದೆ ಜನ ಸಾಲಾಗಿ ನಿಂತಿರುವುದಿಲ್ಲ, ಅಲ್ಲಲ್ಲಿ ಚದುರಿ ಹರಟುತ್ತಿರುತ್ತಾರೆ. ನೋಡಿದವರಿಗೆ ಸರದಿಯೇ ಇಲ್ಲವೆನಿಸುತ್ತದೆ, ಆದರೆ ಸರದಿ ಎಲ್ಲರ ತಲೆಯಲ್ಲಿರುತ್ತದೆ. ಹೊಸದಾಗಿ ಬಂದವರು "ಕಿಯೆನ್ ಎಸ್ ಎಲ್ ಉಲ್ತಿಮೊ?", ಕೊನೆಯವರು ಯಾರು ಎಂದು ಕೇಳುತ್ತಾರೆ. ಯಾರೋ ಒಬ್ಬರು ಕೈ ಎತ್ತುತ್ತಾರೆ. ಅವರ ಮುಖ ನೆನಪಿಟ್ಟುಕೊಂಡರೆ ಸಾಕು, ಅವರ ನಂತರ ನಿಮ್ಮ ಸರದಿ. ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಗೆ ಕಾಯುವಾಗಲೂ ಇದೇ ಕ್ರಮ. ಇದೊಂದು ವಾಕ್ಯವನ್ನು ಸರಿಯಾದ ಜಾಗದಲ್ಲಿ ಕೇಳಿದ ದಿನ ನೀವು ಪ್ರವಾಸಿಯಲ್ಲ, ಆ ಬೀದಿಯವರು ಎಂದು ಅಲ್ಲಿರುವವರಿಗೆ ತಿಳಿಯುತ್ತದೆ. ಲಿಫ್ಟಿಗೆ ಹೊಕ್ಕಾಗ, ವೈದ್ಯರ ಬಳಿ ಕಾಯುವ ಕೋಣೆಗೆ ಹೋದಾಗ ಅಪರಿಚಿತರಿಗೂ ನಮಸ್ಕರಿಸುವುದು ಇಲ್ಲಿಯ ರೂಢಿ. ಮಧ್ಯಾಹ್ನದ ಊಟದವರೆಗೆ "ಬುವೆನೊಸ್ ದಿಯಾಸ್", ಊಟದ ನಂತರ "ಬುವೆನಸ್ ತಾರ್ದೆಸ್". ಅವರ ಊಟ ಎರಡು ಗಂಟೆಯ ಮೇಲೆ ಎಂಬುದು ನೆನಪಿರಲಿ.

ಸಸ್ಯಾಹಾರದ ವಿಷಯ. "ಮಾಂಸ ತಿನ್ನುವುದಿಲ್ಲ" ಎಂದಷ್ಟೇ ಹೇಳಿದರೆ ಸಾಲದು. ಟ್ಯೂನಾ ಮೀನು ಹಾಕಿದ ಸಲಾಡ್ ಬರಬಹುದು, ತರಕಾರಿಯ ಮೇಲೆ ಹಂದಿಯ ಮಾಂಸವಾದ ಹಾಮೊನ್ ಚೂರುಗಳು ಬರಬಹುದು, ಬೇಳೆಯ ಸಾರನ್ನು ಮಾಂಸದ ರಸದಲ್ಲಿ ಕುದಿಸಿರಬಹುದು. ಬಡಿಸುವವರಿಗೆ ಮೋಸದ ಉದ್ದೇಶವಿರುವುದಿಲ್ಲ; ಅನೇಕರ ಕಣ್ಣಿನಲ್ಲಿ ಅವು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. "ನೊ ಕೊಮೊ ನಿ ಕಾರ್ನೆ, ನಿ ಪೆಸ್ಕಾದೊ, ನಿ ಹಾಮೊನ್, ನಿ ಕಾಲ್ದೊ ದೆ ಕಾರ್ನೆ" ಎಂದು ಮಾಂಸ, ಮೀನು, ಹಾಮೊನ್, ಮಾಂಸದ ಸಾರು ನಾಲ್ಕನ್ನೂ ಹೆಸರಿಸಿಯೇ ಹೇಳಿ. ಮನೆಯ ಅಡುಗೆಗೆ ಚಿಂತೆಯಿಲ್ಲ. ಕಡಲೆಕಾಳು, ಬೇಳೆ, ಬದನೆ, ಪಾಲಕ್ ಎಲ್ಲವೂ ಧಾರಾಳವಾಗಿ ಸಿಗುತ್ತವೆ. ಅಕ್ಕಿಯಂತೂ ಊರಿಗೆ ಅಂಟಿಕೊಂಡಿರುವ ಅಲ್ಬುಫೆರಾ ಸರೋವರದ ಸುತ್ತಲ ಗದ್ದೆಗಳಲ್ಲಿಯೇ ಬೆಳೆಯುತ್ತದೆ. ಕರಿಬೇವು, ಸಾಂಬಾರು ಪುಡಿಗಳಿಗೆ ದಕ್ಷಿಣ ಏಷ್ಯಾದವರ ಅಂಗಡಿಗಳಿವೆ.

ಇಲ್ಲಿಯ ಎರಡನೆಯ ಭಾಷೆ ವಲೆನ್ಸಿಯಾನೊ. 1982ರ ಸ್ವಾಯತ್ತತಾ ಶಾಸನದಂತೆ ಸ್ಪ್ಯಾನಿಷ್ ಜೊತೆಗೆ ಅದೂ ಅಧಿಕೃತ ಭಾಷೆ. ಮೆಟ್ರೋದಲ್ಲಿ, ಬೀದಿ ಫಲಕಗಳಲ್ಲಿ, ಶಾಲೆಗಳಲ್ಲಿ ಅದನ್ನು ಕಾಣುತ್ತೀರಿ. ನಗರದೊಳಗೆ ದಿನನಿತ್ಯಕ್ಕೆ ಸ್ಪ್ಯಾನಿಷ್ ಸಾಕು, ಮೊದಲು ಅದನ್ನೇ ಕಲಿಯಿರಿ. ಆದರೆ ವಲೆನ್ಸಿಯಾನೊವನ್ನು ಲೆಕ್ಕಕ್ಕಿಲ್ಲದ ಹಳ್ಳಿಮಾತೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ದೊಡ್ಡ ಭಾಷೆಯ ನೆರಳಿನಲ್ಲಿ ತಮ್ಮ ಭಾಷೆಯನ್ನು ಉಳಿಸಿಕೊಳ್ಳಲು ಹೆಣಗುವವರ ನೋವು ಕನ್ನಡಿಗರಾದ ನಮಗೆ ತಿಳಿಯದ್ದಲ್ಲ. "ಬೊನ್ ದಿಯಾ" ಎಂದು ಅವರ ಭಾಷೆಯಲ್ಲಿ ನಮಸ್ಕರಿಸಿದರೆ ಅವರಿಗೆ ನಿಜವಾಗಿಯೂ ಸಂತೋಷವಾಗುತ್ತದೆ.

ಕಲಿಕೆಗೆ ಎರಡು ಒಳ್ಳೆಯ ದಾರಿಗಳಿವೆ. ಒಂದು, ಸರ್ಕಾರವೇ ನಡೆಸುವ ಎಸ್ಕುವೆಲಾ ಒಫಿಸಿಯಾಲ್ ದೆ ಇದಿಯೊಮಾಸ್, ಅಂದರೆ ಅಧಿಕೃತ ಭಾಷಾ ಶಾಲೆ. ಮ್ಯಾಡ್ರಿಡ್‌ನಲ್ಲಿ 1911ರಲ್ಲಿ ಇಂಥ ಮೊದಲ ಶಾಲೆ ಆರಂಭವಾಯಿತು, ಈಗ ದೇಶದ ತುಂಬ ಇವೆ. ಖಾಸಗಿ ಸಂಸ್ಥೆಗಳಿಗೆ ಹೋಲಿಸಿದರೆ ಶುಲ್ಕ ಬಹಳ ಕಡಿಮೆ, ಪಾಠ ಶಿಸ್ತಿನದು, ಸೀಟುಗಳು ಬೇಗ ಮುಗಿಯುತ್ತವೆ. ಇನ್ನೊಂದು, ವಯಸ್ಕರ ಶಿಕ್ಷಣ ಕೇಂದ್ರಗಳು. ಅಲ್ಲಿ ವಲಸಿಗರಿಗಾಗಿಯೇ ಸ್ಪ್ಯಾನಿಷ್ ತರಗತಿಗಳಿರುತ್ತವೆ. ನನಗೆ ಎರಡನೆಯದೇ ಹೆಚ್ಚು ಪ್ರಿಯ. ಮೊರಾಕ್ಕೊ, ಉಕ್ರೇನ್, ಪಾಕಿಸ್ತಾನ, ಚೀನಾಗಳಿಂದ ಬಂದ ನಮ್ಮದೇ ವಯಸ್ಸಿನ ಹೆಂಗಸರು ಅಲ್ಲಿರುತ್ತಾರೆ, ಅವರಿಗೂ ನಮಗೂ ಸಾಮಾನ್ಯವಾದ ಭಾಷೆ ಸ್ಪ್ಯಾನಿಷ್ ಒಂದೇ. ಹಾಗಾಗಿ ಇಂಗ್ಲಿಷಿಗೆ ಜಾರಿಕೊಳ್ಳುವ ದಾರಿಯೇ ಇರುವುದಿಲ್ಲ. ನನ್ನ ಇಲ್ಲಿಯ ಮೊದಲ ಗೆಳತಿ ಅಲ್ಲಿಯೇ ಸಿಕ್ಕವಳು. ನಮ್ಮಿಬ್ಬರ ಸ್ಪ್ಯಾನಿಷೂ ಆಗ ಒಂದೇ ಸಮ ಮುರುಕಾಗಿತ್ತು, ಆದರೂ ಮಕ್ಕಳ ವಿಷಯ, ಅತ್ತೆಮಾವಂದಿರ ವಿಷಯ ಎಲ್ಲ ಮಾತಾಡುತ್ತಿದ್ದೆವು.

ನೀವು ಜೂನ್ ಕೊನೆಗೆ ಬರುತ್ತೀರಿ. ಆಗ ಶಾಲೆಗಳಿಗೆ ರಜೆ, ಆಗಸ್ಟಿನಲ್ಲಿ ಅರ್ಧ ಊರೇ ಬಾಗಿಲು ಹಾಕಿ ಸಮುದ್ರತೀರಕ್ಕೋ ಸ್ವಂತ ಹಳ್ಳಿಗೋ ಹೋಗಿಬಿಡುತ್ತದೆ. ತರಗತಿಗಳು ಮತ್ತೆ ಶುರುವಾಗುವುದು ಸೆಪ್ಟೆಂಬರಿನಲ್ಲಿ. ಮೊದಲ ಎರಡು ತಿಂಗಳು ಬಿಸಿಲಿನಲ್ಲಿ, ಖಾಲಿ ಊರಿನಲ್ಲಿ, ಮಗಳನ್ನು ನೆನೆಯುತ್ತ ಕುಳಿತರೆ ಮನಸ್ಸು ಕುಗ್ಗುತ್ತದೆ. ಮೈಸೂರಿನಲ್ಲಿಯೇ ಆರಂಭದ ಮಟ್ಟವನ್ನು ಮುಗಿಸಿಕೊಂಡು ಬನ್ನಿ ಎನ್ನಲು ನನಗಿರುವ ದೊಡ್ಡ ಕಾರಣ ಇದೇ.


ಉತ್ತರ: ಅಕ್ಷರಬಂಧು, ಧಾರವಾಡ

ಸಹೋದರಿಯವರಿಗೆ ನಮಸ್ಕಾರಗಳು. ನಾನು ಭಾಷಾಬೋಧನೆಯಲ್ಲಿಯೇ ವೃತ್ತಿಜೀವನ ಕಳೆದು ನಿವೃತ್ತನಾದವನು, ಸ್ಪ್ಯಾನಿಷನ್ನೂ ಕಲಿಸಿದ್ದೇನೆ. ವಲೆನ್ಸಿಯಾದ ಸಹೋದರಿ ಬದುಕಿನ ಮಾತು ಹೇಳಿದ್ದಾರೆ. ವ್ಯಾಕರಣದ ಮಾತು ನನ್ನ ಪಾಲಿಗಿರಲಿ. ಕನ್ನಡ ಬಲ್ಲವರು ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿಯಲು ಹೋಗಿ ವೃಥಾ ಕಷ್ಟಪಡುವುದನ್ನು ನೋಡಿ ನನಗೆ ಬಹಳ ಬೇಸರವಾಗಿದೆ.

ಇಂಗ್ಲಿಷ್ ಪುಸ್ತಕಗಳು ಒಂದು ಇಡೀ ಅಧ್ಯಾಯವನ್ನು ಮೀಸಲಿಟ್ಟು "ಮೆ ಗುಸ್ತಾ ಎಲ್ ಕಫೆ" ಎಂಬ ವಾಕ್ಯವನ್ನು ವಿವರಿಸುತ್ತವೆ. ನಮಗೆ ವಿವರಣೆಯೇ ಬೇಡ, ಅದು "ನನಗೆ ಕಾಫಿ ಇಷ್ಟ" ಎಂಬುದರದೇ ರಚನೆ. ಇಷ್ಟಪಡುವವರು ಚತುರ್ಥಿಯಲ್ಲಿ, ಇಷ್ಟವಾದ ವಸ್ತು ಕರ್ತೃವಿನ ಸ್ಥಾನದಲ್ಲಿ. ನಿಮಗೆ ವೈದ್ಯರ ಬಳಿ ಬೇಕಾಗುವ "ಮೆ ದುವೆಲೆ ಲಾ ರೊದಿಯಾ" ಕೂಡ "ನನಗೆ ಮೊಣಕಾಲು ನೋಯುತ್ತದೆ" ಎಂಬಂತೆಯೇ. ಇಂಗ್ಲಿಷ್ ಭಾಷಿಕರನ್ನು ವರ್ಷಗಟ್ಟಲೆ ಕಾಡುವ "ಸೆರ್" ಮತ್ತು "ಎಸ್ತಾರ್" ಎಂಬ ಎರಡು ಕ್ರಿಯಾಪದಗಳನ್ನು ನೋಡಿ. "ಅವರು ಅಧ್ಯಾಪಕಿ" ಎನ್ನುವಾಗ ನಾವು ಕ್ರಿಯಾಪದವನ್ನೇ ಬಳಸುವುದಿಲ್ಲ. ಅಂಥಲ್ಲಿ ಸ್ಪ್ಯಾನಿಷ್ "ಸೆರ್" ಬಳಸುತ್ತದೆ. "ಮನೆಯಲ್ಲಿದ್ದಾರೆ", "ಸುಸ್ತಾಗಿದ್ದಾರೆ" ಎಂದು ನಾವು "ಇರು" ಧಾತುವನ್ನು ತರುವ ಕಡೆಗಳಲ್ಲಿ ಅದು "ಎಸ್ತಾರ್" ಬಳಸುತ್ತದೆ. ಅಪವಾದಗಳಿವೆ, ಆದರೆ ಈ ಅಳತೆಗೋಲು ಬಹುಪಾಲು ವಾಕ್ಯಗಳಿಗೆ ಸಾಕು. "ಶಾಲೆಗೆ ಹೋದೆ" ಎಂಬುದಕ್ಕೆ "ಫುಯಿ", "ಶಾಲೆಗೆ ಹೋಗುತ್ತಿದ್ದೆ" ಎಂಬುದಕ್ಕೆ "ಇಬಾ". ಭೂತಕಾಲದ ಈ ಭೇದವನ್ನು ನಾವು ತೊಟ್ಟಿಲಿನಿಂದಲೇ ಬಲ್ಲೆವು.

ಇನ್ನೊಂದು ಸೂಕ್ಷ್ಮವಿದೆ, ಅದು ನನಗೆ ಬಹಳ ಪ್ರಿಯವಾದದ್ದು. "ಪುಸ್ತಕ ಹುಡುಕುತ್ತಿದ್ದೇನೆ" ಎಂದು ವಿಭಕ್ತಿ ಪ್ರತ್ಯಯವಿಲ್ಲದೆ ಹೇಳಬಹುದು, ಆದರೆ "ಮಗಳು ಹುಡುಕುತ್ತಿದ್ದೇನೆ" ಎಂದು ಯಾವ ಕನ್ನಡಿಗರೂ ಹೇಳುವುದಿಲ್ಲ, "ಮಗಳನ್ನು" ಎಂದೇ ಹೇಳಬೇಕು. ಸ್ಪ್ಯಾನಿಷಿನಲ್ಲಿಯೂ "ಬುಸ್ಕೊ ಮಿ ಲಿಬ್ರೊ" ಎನ್ನುತ್ತಾರೆ, ಮಗಳ ವಿಷಯ ಬಂದಾಗ "ಬುಸ್ಕೊ ಆ ಮಿ ಇಹಾ" ಎಂದು ನಡುವೆ "ಆ" ಸೇರಿಸುತ್ತಾರೆ. ಮನುಷ್ಯರಿಗೆ ಕೊಡುವ ಈ ವಿಶೇಷ ಗುರುತು ಎರಡು ಭಾಷೆಗಳಲ್ಲಿಯೂ ಇದೆ. ಕ್ರಿಯಾಪದವೇ ಪುರುಷ, ವಚನಗಳನ್ನು ಹೇಳಿಬಿಡುವುದರಿಂದ "ನಾನು", "ನೀನು" ಬಿಟ್ಟು ಮಾತನಾಡುವುದು ನಮ್ಮಂತೆ ಅವರಿಗೂ ಸಹಜ.

ಉಚ್ಚಾರಣೆಯಲ್ಲಿ ನಾವು ಭಾಗ್ಯವಂತರು. ಅವರ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉಗಳಿಗೆ ಬಹಳ ಹತ್ತಿರ. ಅವರ ತಕಾರ ದಕಾರಗಳು ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು, ಆದ್ದರಿಂದ ಟ, ಡ ಬೇಡವೇ ಬೇಡ. ಬರೆದಂತೆ ಓದುವ ಭಾಷೆಯಾದ್ದರಿಂದ ಕೆಲವೇ ನಿಯಮಗಳನ್ನು ತಿಳಿದುಕೊಂಡರೆ ಯಾವ ಫಲಕವನ್ನಾದರೂ ಗಟ್ಟಿಯಾಗಿ ಓದಬಲ್ಲಿರಿ. ಕಂಪಿಸುವ ರಕಾರವೊಂದನ್ನು ಅಭ್ಯಾಸ ಮಾಡಬೇಕು. "ಪೆರೊ" ಎಂದರೆ "ಆದರೆ". ಅದೇ ರಕಾರವನ್ನು ಕಂಪಿಸಿ ಹೇಳಿದರೆ ನಾಯಿ. ಹಳಗನ್ನಡದಲ್ಲಿ ನಮಗೂ ರ, ಱ ಎಂದು ಎರಡಿದ್ದವು, ಒಂದನ್ನು ಬಿಟ್ಟುಕೊಟ್ಟೆವು.

ನಿಜವಾದ ಕಷ್ಟ ಲಿಂಗದಲ್ಲಿದೆ. ನಮ್ಮಲ್ಲಿ ಮೇಜು, ಕುರ್ಚಿಗಳೆಲ್ಲ ನಪುಂಸಕ. ಅಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ, ವಿಶೇಷಣವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಇದಕ್ಕೆ ಯಾವ ಕನ್ನಡವೂ ನೆರವಾಗದು. ಹಿಂದಿ ಬಲ್ಲವರಾದರೆ ಆ ಅಭ್ಯಾಸ ಸ್ವಲ್ಪ ಸಹಾಯ ಮಾಡೀತು. ಪ್ರತಿಯೊಂದು ನಾಮಪದವನ್ನೂ "ಎಲ್" ಅಥವಾ "ಲಾ" ಜೊತೆಗೇ ಕಲಿಯಿರಿ, ಒಂಟಿಯಾಗಿ ಎಂದೂ ಬರೆದುಕೊಳ್ಳಬೇಡಿ. ಆಮೇಲೆ ಬರುವ ಸಂಭಾವನಾರ್ಥಕ ರೂಪಗಳ ಚಿಂತೆ ಮೊದಲ ವರ್ಷದಲ್ಲಿ ಬೇಡ.

ವಯಸ್ಸಿನ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಸ್ಥಳೀಯರಂತೆಯೇ ಉಚ್ಚರಿಸುವುದು ನಡುವಯಸ್ಸಿನವರಿಗೆ ಕಷ್ಟ, ಅದರ ಅಗತ್ಯವೂ ಇಲ್ಲ. ಪದಗಳನ್ನು ನೆನಪಿಡಲು ಹೆಚ್ಚು ಪುನರಾವರ್ತನೆ ಬೇಕಾಗುತ್ತದೆ. ಆದರೆ ನಿಯಮವನ್ನು ಗ್ರಹಿಸುವುದರಲ್ಲಿ, ಶಿಸ್ತಿನಿಂದ ಓದುವುದರಲ್ಲಿ ನಿಮ್ಮಂಥ ಗಣಿತದ ಅಧ್ಯಾಪಕಿ ಇಪ್ಪತ್ತರ ಹುಡುಗರಿಗಿಂತ ಮುಂದಿರುತ್ತೀರಿ. ಅಮೆರಿಕ ಸರ್ಕಾರ ತನ್ನ ರಾಯಭಾರ ಸಿಬ್ಬಂದಿಗೆ ಭಾಷೆ ಕಲಿಸುವ ಸಂಸ್ಥೆಯು ಸ್ಪ್ಯಾನಿಷಿನಲ್ಲಿ ವೃತ್ತಿಯೋಗ್ಯ ಹಿಡಿತ ಬರಲು ಸುಮಾರು 600ರಿಂದ 750 ಗಂಟೆಗಳ ತರಗತಿ ಬೇಕೆಂದು ಲೆಕ್ಕ ಹಾಕುತ್ತದೆ. ದಿನಕ್ಕೆ ಒಂದು ಗಂಟೆಯಂತೆ ಅದು ಎರಡು ವರ್ಷದ ಕೆಲಸ. ಮೂರು ತಿಂಗಳಲ್ಲಿ ಸ್ಪ್ಯಾನಿಷ್ ಎಂಬ ಜಾಹೀರಾತುಗಳನ್ನು ನಂಬಿ ಆಮೇಲೆ ತಮ್ಮ ವಯಸ್ಸನ್ನು ದೂರುವವರೇ ಹೆಚ್ಚು. ಸ್ಪೇನ್ ಸರ್ಕಾರದ ಇನ್‌ಸ್ಟಿಟ್ಯೂಟೊ ಸೆರ್ವಾಂತೆಸ್ ಸಂಸ್ಥೆಯ ಕೇಂದ್ರ ನವದೆಹಲಿಯಲ್ಲಿದ್ದು ಆನ್‌ಲೈನ್ ತರಗತಿಗಳನ್ನೂ ನಡೆಸುತ್ತದೆ. ಬೆಂಗಳೂರಿನಲ್ಲಿಯೂ ಕಲಿಸುವವರಿದ್ದಾರೆ. ಯಾರಲ್ಲಿಯೇ ಕಲಿತರೂ ಟಿಪ್ಪಣಿಗಳನ್ನು ಕನ್ನಡದಲ್ಲಿಯೇ ಬರೆದುಕೊಳ್ಳಿ ಎಂಬುದು ನನ್ನ ಆಗ್ರಹಪೂರ್ವಕ ವಿನಂತಿ.


ಉತ್ತರ: ಪಡುವಣ, ಗ್ವಾದಲಹಾರಾ (ಮೆಕ್ಸಿಕೊ)

ಅಕ್ಷರಬಂಧು ಅವರ ಬರಹ ಓದಿ ನನಗೆ ಈ ಭಾಷೆಯನ್ನು ಮೊದಲಿನಿಂದ ಮತ್ತೊಮ್ಮೆ ಕಲಿಯುವ ಆಸೆಯಾಯಿತು. ಆದರೂ ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ವ್ಯಾಕರಣ ಚೆನ್ನಾಗಿ ತಿಳಿದವರೇ ಬೀದಿಯಲ್ಲಿ ಹೆಚ್ಚು ಮೌನವಾಗಿರುವುದನ್ನು ನಾನು ನಮ್ಮವರಲ್ಲಿ ಕಂಡಿದ್ದೇನೆ. ಓದಿದವರು, ಗೌರವದ ಹುದ್ದೆಯಲ್ಲಿದ್ದವರು ತಪ್ಪು ಮಾತನಾಡಲು ಹಿಂಜರಿಯುತ್ತಾರೆ, ವಾಕ್ಯ ಮನಸ್ಸಿನಲ್ಲಿ ಪೂರ್ತಿಯಾಗುವಷ್ಟರಲ್ಲಿ ಎದುರಿನವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ. ಮೇಡಂ, ಹೊರಡುವ ಮೊದಲೇ ವಾರಕ್ಕೆ ಒಂದೆರಡು ಸಲವಾದರೂ ಸ್ಪ್ಯಾನಿಷ್ ಮಾತೃಭಾಷೆಯವರೊಡನೆ ವಿಡಿಯೋ ಕರೆಯಲ್ಲಿ ಮಾತನಾಡಿ. ಮೊಬೈಲ್ ಆ್ಯಪ್‌ಗಳಲ್ಲಿ ಸರಿಯಾದ ಉತ್ತರವನ್ನು ಒತ್ತುವುದು ಬೇರೆ, ಬಾಯಿಂದ ಪದ ಹೊರಡುವುದು ಬೇರೆ.

ಇನ್ನೊಂದು ವಿಷಯ ನಿಮ್ಮ ಪತಿಗೆ ಸಂಬಂಧಿಸಿದ್ದು, ಅದನ್ನು ಇಲ್ಲಿ ಯಾರೂ ಎತ್ತಿಲ್ಲ. ಕಚೇರಿಯಲ್ಲಿ ಇಂಗ್ಲಿಷ್ ಇದೆಯೆಂಬ ಕಾರಣಕ್ಕೆ ಅವರು ಕಲಿಯದೆ ಉಳಿದರೆ ಕೆಲವು ವರ್ಷಗಳಲ್ಲಿ ಪರಿಸ್ಥಿತಿ ತಿರುಗಿಬೀಳುತ್ತದೆ. ಮನೆಯ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಆಸ್ಪತ್ರೆ, ವಿಮೆ ಎಲ್ಲಕ್ಕೂ ನೀವೇ ದುಭಾಷಿಯಾಗಬೇಕಾಗುತ್ತದೆ, ಊರು ನಿಮ್ಮದಾಗುತ್ತದೆ, ಅವರದಾಗುವುದಿಲ್ಲ. ಕಚೇರಿಯಲ್ಲಿಯೂ ಸಭೆ ಇಂಗ್ಲಿಷಿನಲ್ಲಿ ನಡೆದರೂ ಊಟದ ಮೇಜಿನ ಮಾತು ಸ್ಪ್ಯಾನಿಷಿನಲ್ಲಿಯೇ ನಡೆಯುತ್ತದೆ. ಅಲ್ಲಿ ಸುಮ್ಮನೆ ಕೂತವರು ಎಷ್ಟು ವರ್ಷವಾದರೂ ಹೊರಗಿನವರೇ. ಇಬ್ಬರೂ ಒಟ್ಟಿಗೆ ಆರಂಭಿಸಿ ಎಂದು ನಾನು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ.

ಸ್ಪ್ಯಾನಿಷಿನ ಪಾಠಗಳನ್ನು ಆರಿಸುವಾಗ ಅವು ಯಾವ ದೇಶದವು ಎಂದು ನೋಡಿಕೊಳ್ಳಿ. ಗೆಳೆಯರ ಗುಂಪನ್ನು ಉದ್ದೇಶಿಸಿ ಸ್ಪೇನಿನವರು ಬಳಸುವ "ವೊಸೊತ್ರೊಸ್" ನಮ್ಮ ಮೆಕ್ಸಿಕೊ ಕಡೆಯ ಮಾತಿನಲ್ಲಿ ಇಲ್ಲವೇ ಇಲ್ಲ, ಅದರ ಕ್ರಿಯಾರೂಪಗಳೂ ಇಲ್ಲ. ಬಸ್ಸು ಹಿಡಿಯುವುದಕ್ಕೆ ಸ್ಪೇನಿನಲ್ಲಿ ನಿಸ್ಸಂಕೋಚವಾಗಿ ಹೇಳುವ "ಕೊಹೆರ್" ಇಲ್ಲಿ ಸಭ್ಯರ ನಡುವೆ ಆಡುವ ಮಾತಲ್ಲ. ಅಲ್ಲಿಯವರು ಅಪರಿಚಿತರನ್ನೂ ಬೇಗನೆ "ತು" ಎಂದು ಏಕವಚನದಲ್ಲಿ ಮಾತನಾಡಿಸುತ್ತಾರೆ, ಅಂಗಡಿಯ ಹುಡುಗನೂ ನಿಮ್ಮನ್ನು ಹಾಗೆಯೇ ಕರೆದಾನು. ಅದರಲ್ಲಿ ಅಗೌರವವಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೀವು ಮಾತ್ರ ಹಿರಿಯರನ್ನೂ ಅಧಿಕಾರಿಗಳನ್ನೂ "ಉಸ್ತೆದ್" ಎನ್ನಿ, ಅದರೊಡನೆ ಪ್ರಥಮ ಪುರುಷದ, ಅಂದರೆ ಅವನು, ಅವಳು ಎನ್ನುವಾಗಿನ, ಕ್ರಿಯಾಪದ ಬರುತ್ತದೆ.


ಮರುಪ್ರಶ್ನೆ: ಕಾವೇರಿತೀರ, ಮೈಸೂರು

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೊಣಕಾಲಿನ ವಾಕ್ಯವನ್ನು ಆಗಲೇ ಕಲಿತುಕೊಂಡೆ, ಅದು ನಿಜಕ್ಕೂ ಕನ್ನಡದ ಹಾಗೆಯೇ ಇದೆ. ಪತಿಯವರಿಗೂ ಈ ಉತ್ತರಗಳನ್ನು ಓದಿಸಿದ್ದೇನೆ. ವಾರಾಂತ್ಯದ ಆನ್‌ಲೈನ್ ತರಗತಿಗೆ ಇಬ್ಬರೂ ಸೇರುತ್ತಿದ್ದೇವೆ. ಇನ್ನು ಉಳಿದಿರುವುದು ಎರಡು ಸಂದೇಹ. ಅಲ್ಲಿ ಗಣಿತ ಕಲಿಸುವ ಅವಕಾಶವೇನಾದರೂ ನನಗಿದೆಯೇ? ಮುಂದೆ ಅಲ್ಲಿಯೇ ನೆಲೆಸುವುದಾದರೆ ಭಾಷಾ ಪರೀಕ್ಷೆ ಕಡ್ಡಾಯವೇ?


ಉತ್ತರ: ಕಿತ್ತಳೆತೋಟ, ವಲೆನ್ಸಿಯಾ

ಗಣಿತ ನಿಮ್ಮ ಕೈಯಲ್ಲಿದೆ ಎಂದರೆ ಭಾಷೆಯ ಅರ್ಧ ದಾರಿ ತೆರೆದ ಹಾಗೆಯೇ. ಶಾಲೆಯ ಉದ್ಯೋಗದ ಮಾತನ್ನು ಮುಂದಿನವರು ಹೇಳಲಿ. ಆದರೆ ಮನೆಪಾಠ ಇಲ್ಲಿ ಬಹಳ ಸಾಮಾನ್ಯ, ಪ್ರೌಢಶಾಲೆಯ ಗಣಿತಕ್ಕೆ ಯಾವಾಗಲೂ ಬೇಡಿಕೆಯಿದೆ. ನಾನಾಗಿದ್ದರೆ ಮೊದಲ ವರ್ಷ ಹಣದ ಯೋಚನೆ ಬಿಟ್ಟು, ಕಟ್ಟಡದಲ್ಲಿಯೇ ಇರುವ ಯಾವುದಾದರೂ ಮಗುವಿನ ತಾಯಿಯನ್ನು "ಮಗುವಿಗೆ ಗಣಿತ ಹೇಳಿಕೊಡುತ್ತೇನೆ, ಬದಲಿಗೆ ನೀವು ನನ್ನೊಡನೆ ಸ್ಪ್ಯಾನಿಷ್ ಮಾತನಾಡಿ" ಎಂದು ಕೇಳುತ್ತಿದ್ದೆ. ಇಂಥ ವಿನಿಮಯಕ್ಕೆ ಇಲ್ಲಿ ಇಂತೆರ್‌ಕಾಂಬಿಯೊ ಎನ್ನುತ್ತಾರೆ. ಆ ಮಗುವಿನ ಎದುರು ನೀವು ಭಾಷೆ ಬಾರದ ವಿದೇಶಿಯಲ್ಲ, ಉತ್ತರ ಗೊತ್ತಿರುವ ಟೀಚರ್. ಆ ಸ್ಥಾನದಿಂದ ಕಲಿಯುವಾಗ ಸಂಕೋಚ ಎಷ್ಟು ಬೇಗ ಕಳಚುತ್ತದೆಂದು ನೀವೇ ನೋಡುವಿರಿ.

ಬರೆಯುವ ಕ್ರಮದಲ್ಲಿ ಮಾತ್ರ ವ್ಯತ್ಯಾಸಗಳಿವೆ. ಮೂರೂವರೆಯನ್ನು ಇಲ್ಲಿ 3,5 ಎಂದು ಅಲ್ಪವಿರಾಮ ಹಾಕಿ ಬರೆಯುತ್ತಾರೆ. ಭಾಗಾಕಾರದಲ್ಲಿ ಭಾಜಕವನ್ನು ಬಲಗಡೆಯ ಮೂಲೆಯಲ್ಲಿ ಬರೆದು, ಭಾಗಲಬ್ಧವನ್ನು ಅದರ ಕೆಳಗೆ ಬರೆಯುತ್ತಾರೆ. ನಮ್ಮ ರೀತಿಯಲ್ಲಿ ಮಾಡಿ ತೋರಿಸಿದರೆ ಮಕ್ಕಳಿಗೆ ಗೊಂದಲವಾಗುತ್ತದೆ. "ಬಿಯೊನ್" ಎಂದರೆ ಇಂಗ್ಲಿಷಿನ ಬಿಲಿಯನ್‌ನಂತೆ ನೂರು ಕೋಟಿಯಲ್ಲ, ಒಂದು ಲಕ್ಷ ಕೋಟಿ.


ಉತ್ತರ: ಮಲೆನಾಡಿಗ, ಮ್ಯಾಡ್ರಿಡ್

ಕಾಗದಪತ್ರದ ಬಗ್ಗೆ ನನಗೆ ತಿಳಿದಷ್ಟು ಬರೆಯುತ್ತೇನೆ. ಕೇವಲ ವಾಸಕ್ಕೆ ಭಾಷಾ ಪರೀಕ್ಷೆಯಿಲ್ಲ. ಕಾನೂನುಬದ್ಧವಾಗಿ ಐದು ವರ್ಷ ಸತತವಾಗಿ ವಾಸಿಸಿದ ಮೇಲೆ ದೀರ್ಘಾವಧಿ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ಅದಕ್ಕೂ ಪರೀಕ್ಷೆ ಕೇಳುವುದಿಲ್ಲ. ಪರೀಕ್ಷೆ ಬರುವುದು ಪೌರತ್ವ ಕೇಳಿದಾಗ. ಭಾರತೀಯರಿಗೆ ಅದು ಸಾಮಾನ್ಯವಾಗಿ 10 ವರ್ಷದ ವಾಸದ ನಂತರದ ಮಾತು. ಸೆರ್ವಾಂತೆಸ್ ಸಂಸ್ಥೆಯ ದೆಲೆ ಪರೀಕ್ಷೆಯಲ್ಲಿ ಎ2 ಮಟ್ಟ (ಆರಂಭಿಕರ ಎರಡನೆಯ ಹಂತ), ಜೊತೆಗೆ ಸ್ಪೇನಿನ ಸಂವಿಧಾನ ಮತ್ತು ಸಮಾಜದ ಬಗ್ಗೆ 25 ಪ್ರಶ್ನೆಗಳ ಇನ್ನೊಂದು ಪರೀಕ್ಷೆ, ಅದರಲ್ಲಿ 15 ಸರಿಯಾದರೆ ತೇರ್ಗಡೆ. ಭಾರತ ದ್ವಿಪೌರತ್ವ ಒಪ್ಪುವುದಿಲ್ಲವಾದ್ದರಿಂದ ಆಗ ಭಾರತದ ಪಾಸ್‌ಪೋರ್ಟ್ ಬಿಡಬೇಕಾಗುತ್ತದೆ. ಮಗಳು ಭಾರತದಲ್ಲಿರುವಾಗ ಅದನ್ನು ಅವಸರದಲ್ಲಿ ನಿರ್ಧರಿಸುವ ಅಗತ್ಯವೇ ಇಲ್ಲ.

ಶಾಲೆಯಲ್ಲಿ ಕಲಿಸುವುದಕ್ಕೆ ನಿಮ್ಮ ಪದವಿಗಳಿಗೆ ಸ್ಪೇನ್ ಸರ್ಕಾರದ ಮಾನ್ಯತೆ ಬೇಕು, ಇದಕ್ಕೆ ಒಮೊಲೊಗಾಸಿಯೊನ್ ಎನ್ನುತ್ತಾರೆ. ಅದು ತೀರ ನಿಧಾನದ ಕೆಲಸ. ಸರ್ಕಾರಿ ಶಾಲೆಯ ಕಾಯಂ ಹುದ್ದೆ ಐರೋಪ್ಯ ಒಕ್ಕೂಟದ ಪೌರರಲ್ಲದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ, ವಲೆನ್ಸಿಯಾ ಪ್ರಾಂತ್ಯದಲ್ಲಿ ಸರ್ಕಾರಿ ಶಾಲೆಗೆ ವಲೆನ್ಸಿಯಾನೊ ಭಾಷೆಯ ಪ್ರಮಾಣಪತ್ರವೂ ಬೇಕು. ಖಾಸಗಿ ಅಂತರರಾಷ್ಟ್ರೀಯ ಶಾಲೆಗಳ ದಾರಿ ಬೇರೆ, ಅಲ್ಲಿ ಇಂಗ್ಲಿಷಿನಲ್ಲಿ ಗಣಿತ ಕಲಿಸುವವರನ್ನೂ ತೆಗೆದುಕೊಳ್ಳುತ್ತಾರೆ. ಪತಿಯ ವೀಸಾ ಉನ್ನತ ಕೌಶಲದ ವೃತ್ತಿಪರರ ವರ್ಗದ್ದಾಗಿದ್ದರೆ ಜೊತೆಗೆ ಬರುವ ಪತ್ನಿಗೂ ಕೆಲಸ ಮಾಡುವ ಹಕ್ಕಿರುತ್ತದೆ. ಯಾವ ವರ್ಗವೆಂದು ಕಂಪನಿಯವರಲ್ಲಿ ಈಗಲೇ ಲಿಖಿತವಾಗಿ ಕೇಳಿಕೊಳ್ಳಿ.

ಮಾನ್ಯತೆಗೆ ಅರ್ಜಿ ಹಾಕುವುದು ಇನ್ನೂ ನಿರ್ಧಾರವಾಗದಿದ್ದರೂ ಬಿ.ಎಸ್ಸಿ., ಬಿ.ಎಡ್. ಪದವಿ ಪತ್ರಗಳು, ಎಲ್ಲ ಅಂಕಪಟ್ಟಿಗಳು, ಮದುವೆಯ ನೋಂದಣಿ ಪತ್ರ ಇವುಗಳಿಗೆ ರಾಜ್ಯಮಟ್ಟದ ದೃಢೀಕರಣ, ನಂತರ ದಾಖಲೆಯನ್ನು ವಿದೇಶದಲ್ಲಿ ಒಪ್ಪುವಂತೆ ಮಾಡುವ, ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಎರಡನ್ನೂ ಭಾರತ ಬಿಡುವ ಮೊದಲೇ ಮಾಡಿಸಿಕೊಳ್ಳಿ. ಅಲ್ಲಿಂದ ಮೈಸೂರಿಗೆ ಕಾಗದ ಕಳಿಸಿ, ನೆಂಟರನ್ನು ಕಚೇರಿಯಿಂದ ಕಚೇರಿಗೆ ಅಲೆಸಿ ಈ ಕೆಲಸ ಮಾಡಿಸುವುದು ಬಹಳ ತ್ರಾಸದಾಯಕ. ಸ್ಪ್ಯಾನಿಷ್ ಅನುವಾದವನ್ನು ಮಾತ್ರ ಬೇರೆಯವರಿಂದ ಮಾಡಿಸಬೇಡಿ. ಸ್ಪೇನಿನ ವಿದೇಶಾಂಗ ಸಚಿವಾಲಯ ಮಾನ್ಯ ಮಾಡಿದ ಅನುವಾದಕರ ಪಟ್ಟಿಯಿದೆ, ಅಪೊಸ್ಟಿಲ್ ಆದ ಮೇಲೆ ಅವರಲ್ಲೊಬ್ಬರಿಗೆ ಸ್ಕ್ಯಾನ್ ಮಾಡಿ ಕಳಿಸಿದರೆ ಆಯಿತು.